ಹನ್ನೊಂದು ಗೂಟಗಳ ಮುಂದೆ

ಸಭೆಗೆ ಬಂದಿರುವ ಎಲ್ಲರಿಗೂ, ಮುಂದಿನ ಸಾಲಿನಲ್ಲಿರುವ ವೋರ್ಶಾ ಅವರ ತಂಗಿ ಹಿಲ್ಜಾ ಅವರಿಗೂ ನಮಸ್ಕಾರ. ಮೊದಲ ಮಾತಿಗೇ ಹೇಳಿಬಿಡುತ್ತೇನೆ — ವೋರ್ಶಾ ಬುದಾರ್ ಬರೆದ ಹನ್ನೊಂದು ಹಾಳೆಗಳನ್ನು ಗಣಿ ಕಂಪನಿ ತನ್ನ ವರದಿಯಿಂದ ತೆಗೆದುಹಾಕಿದೆ. ಇದು ಅನ್ಯಾಯ. ಅವರ ಗುಣಗಾನ ಶುರುವಾಗುವ ಮುಂಚೆ ನಿಮಗೆ ಇದು ಗೊತ್ತಿರಬೇಕು.

ನಾನು ಬೆನೊ. ನಾಲ್ಕು ವರ್ಷ ಅವರ ಅಳತೆ ಹಗ್ಗದ ಇನ್ನೊಂದು ತುದಿ ಹಿಡಿದವನು. ನಮ್ಮ ಕೆಲಸ ಏನೆಂದು ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತು, ಉಳಿದವರಿಗಾಗಿ ಹೇಳುತ್ತೇನೆ. ಕಲ್ಲಿದ್ದಲು ಅಗೆದು ಮುಗಿದ ಮೇಲೆ ಗುಂಡಿಗೆ ಮರಳು ಸುರಿಯುತ್ತಾರೆ. ಆ ಮರಳಿನ ಮೇಲೆ ನಕಾಶೆ ತೋರಿಸಿದ ಜಾಗದಲ್ಲಿ ನಾವು ಗೂಟ ಹೊಡೆಯುತ್ತೇವೆ. ಸುತ್ತ ಐದು ಮೀಟರಿನ ಚೌಕ ಕಟ್ಟುತ್ತೇವೆ. ಒಳಗೆ ಯಾವ ಯಾವ ಗಿಡ ಇದೆ, ನೆಲದ ನೂರು ಪಾಲಿನಲ್ಲಿ ಎಷ್ಟನ್ನು ಮುಚ್ಚಿದೆ — ಬರೆಯುತ್ತೇವೆ. ಮರಳಿನ ಹುಳಿ ಕಳೆಯಲು ಎಲ್ಲಿ ಸುಣ್ಣ ಬೆರೆಸಬೇಕು, ಎಲ್ಲಿ ಏನು ನೆಡಬೇಕು ಎಂಬುದು ಆ ಹಾಳೆ ನೋಡಿ ತೀರ್ಮಾನವಾಗುತ್ತದೆ. ಅಷ್ಟೇ ಕೆಲಸ.

ವೋರ್ಶಾ ತಪ್ಪೇ ಮಾಡದವರು ಎಂದು ನಾನು ಹೇಳುವುದಿಲ್ಲ. ಗೂಟ ಬೋಳು ಮರಳಿನ ಮೇಲೆ ಬಿದ್ದರೆ ಐದು ಹೆಜ್ಜೆ ಹಸಿರಿನ ಕಡೆ ನಡೆಯುವುದು ನಮ್ಮ ತಂಡದ ರೂಢಿ. ಹುಲ್ಲುಗಾವಲು ಅಳೆಯಲು ಕಲಿತವರು ನಾವು. ಗಿಡವಿಲ್ಲದ ಹಾಳೆ ಒಪ್ಪಿಸಿದರೆ ಕೆಲಸವೇ ಮಾಡದವರ ಹಾಗೆ ನಾಚಿಕೆ. ಮೋಸ ಎಂದು ಯಾರಿಗೂ ಅನಿಸಲಿಲ್ಲ. ನನಗೆ ಆ ಐದು ಹೆಜ್ಜೆ ಕಲಿಸಿಕೊಟ್ಟವರು ವೋರ್ಶಾ — ಅವರೇ.

ಹೋದ ಸೆಪ್ಟೆಂಬರಿನಲ್ಲಿ ಹದಿನೇಳನೇ ಗೂಟದ ಹತ್ತಿರ ನಾನು ಅವರಿಗೆ — ಅತ್ತೆ ಎಂದೇ ಕರೆಯುತ್ತಿದ್ದೆ — ತಮಾಷೆಗೆ ಅಂದೆ: “ಇನ್ನೂ ನಾಲ್ಕು ಹೆಜ್ಜೆ ಹಾಕಿದ್ರೆ ಒಂದು ಬರ್ಚ್ ಮರಾನೂ ಸಿಗುತ್ತೆ ಅತ್ತೆ.”

ಅವರು ನಿಂತುಬಿಟ್ಟರು. “ಈಗಾಗಲೇ ಎಷ್ಟು ನಡೆದ್ವಿ?”

“ಒಂಬತ್ತು.”

ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕುಳಿತರು. ಹೀಗೆ — ಎರಡೂ ಕೈ ಮೊಣಕಾಲ ಮೇಲೆ. ಡಬ್ಬಿಯಿಂದ ಉಪ್ಪಿನ ಸೌತೆಕಾಯಿ ತೆಗೆದು ಅರ್ಧ ನನಗೆ ಕೊಟ್ಟರು. “ಮರಳಿರೋ ಕಡೆಯೆಲ್ಲ ಬಿಟ್ಟು, ಹಸಿರಿರೋ ಕಡೆ ಕೂತ್ಕೊಂಡು, ಹಸಿರು ಚೆನ್ನಾಗಿದೆ ಅಂತ ಬರ್ದಿದೀವಿ ಕಣೋ,” ಅಂದರು. “ಸುಣ್ಣ ಎಲ್ಲಿ ಬೇಕೋ ಅದನ್ನೇ ಮುಚ್ಚಿಟ್ವಿ.”

ಆ ಜಾಗಗಳನ್ನು ಮತ್ತೆ ಅಳೆಯಬೇಕೆಂದು ಕೇಳಲು ನಮ್ಮ ಮುಖ್ಯಸ್ಥರಾದ ಗೆರ್ಲಾಖ್ ಅವರ ಬಳಿ ಹೋದರು. ಗೆರ್ಲಾಖ್ ಅವರೇ, ನೀವು ಎರಡನೇ ಸಾಲಿನಲ್ಲಿದ್ದೀರಿ. ನಾನು ತಪ್ಪು ಹೇಳಿದರೆ ತಿದ್ದಿ. ನೀವು ಕೇಳಿದಿರಿ: “ಏನೂ ಇಲ್ಲದ ಜಾಗದಲ್ಲಿ ಏನಮ್ಮ ಬರೀತೀರಿ?”

“ಏನೂ ಇಲ್ಲ ಅಂತ ಬರೀತೀನಿ.”

ಕೆಲಸದ ದಿನಗಳಲ್ಲಿ ಅದಕ್ಕೆ ಸಮಯ ಕೊಡಲಿಲ್ಲ. ಭಾನುವಾರಗಳಲ್ಲಿ ಹೋಗುವುದೆಂದು ನಿರ್ಧರಿಸಿ ನನ್ನನ್ನು ಕರೆದರು. ನಾನು ಅಂದೆ, “ಭಾನುವಾರ ಆಗಲ್ಲ ಅತ್ತೆ. ಕರಪತ್ರ ಹಂಚೋದಿದೆ. ನೆಲ ಎಲ್ಲರದೂ ಅಂತ ಜನಕ್ಕೆ ಹೇಳ್ಬೇಕು.”

“ಹೇಳ್ಬಿಟ್ಟು ಬಾ,” ಅಂದರು. “ನೆಲ ಅಲ್ಲೇ ಇರುತ್ತೆ.”

ನಾನು ಹೋಗಲಿಲ್ಲ. ಒಂದು ಭಾನುವಾರವೂ ಹೋಗಲಿಲ್ಲ.

ಅವರು ಒಬ್ಬರೇ ಹೋದರು. ಅರವತ್ತಮೂರು ವರ್ಷ, ದುರ್ಬಲ ಹೃದಯ. ಹಗ್ಗದ ನನ್ನ ತುದಿಯನ್ನು ಕಲ್ಲಿಗೆ ಕಟ್ಟಿಕೊಂಡರು. ನಾವು ಬಿಟ್ಟು ಹಸಿರಿನ ಕಡೆ ನಡೆದಿದ್ದ ಹನ್ನೊಂದು ಜಾಗಗಳಿಗೂ ಮರಳಿ ಹೋಗಿ ಅಳೆದರು. ಈ ತಿಂಗಳ ಮೊದಲ ವಾರ ತೀರಿಕೊಂಡರು — ಮನೆಯಲ್ಲಿ, ಬೂಟು ಒರೆಸುತ್ತಾ.

ಕಂಪನಿ ವಾಪಸು ಕಳಿಸಿದ ಆ ಹಾಳೆಗಳನ್ನು ಹಿಲ್ಜಾ ನನಗೆ ತೋರಿಸಿದರು. ಎಲ್ಲದರಲ್ಲೂ ಒಂದೇ ಬರಹ. ಗಿಡ: ಇಲ್ಲ. ಮರಳು: ನೂರಕ್ಕೆ ನೂರು. ಕೆಳಗೆ ಅವರ ಸಹಿ. ಎರಡನೇ ಸಹಿಯ ಜಾಗದಲ್ಲಿ ಪೆನ್ಸಿಲಿನಲ್ಲಿ — ಬೆನೊ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಹನ್ನೊಂದರಲ್ಲೂ.

ಎರಡು ಸಹಿ ಇಲ್ಲದ ಹಾಳೆ ಲೆಕ್ಕಕ್ಕಿಲ್ಲ. ಕಂಪನಿ ಹೇಳುವ ಕಾರಣ ಇದೇ, ನಿಯಮವೂ ಇದೆ. ಆದರೆ ಹಸಿರಿನ ಕಡೆ ನಡೆದು ಬರೆದ ಹಳೆಯ ಹಾಳೆಗಳು ವರದಿಯಲ್ಲಿ ಹಾಗೇ ಇವೆ. ಅವಕ್ಕೆ ಎರಡೆರಡು ಸಹಿ ಇದೆ. ಕೆಲವಕ್ಕೆ ನನ್ನದೇ. ಸೋಮವಾರ ಜಿಲ್ಲಾ ಕಚೇರಿಯಲ್ಲಿ ವಿಚಾರಣೆ. ಈ ವರದಿಯನ್ನು ಒಪ್ಪಿಬಿಟ್ಟರೆ ನೆಲ ಸರಿಹೋಯಿತು ಎಂದು ಅರ್ಥ. ಸುಣ್ಣದ ಲಾರಿ ಹಿಂತಿರುಗುತ್ತದೆ, ಕಂಪನಿಯ ಹೊಣೆ ಮುಗಿಯುತ್ತದೆ, ಹುಳಿ ಮರಳು ನಮ್ಮ ಹಳ್ಳಿಗಳ ಪಾಲಿಗೆ ಉಳಿಯುತ್ತದೆ.

ಪೆನ್ಸಿಲಿನ ಮೇಲೆ ಶಾಯಿ ಹಚ್ಚು ಎಂದು ಕೆಲವು ಗೆಳೆಯರು ಹೇಳಿದರು. ಹಚ್ಚುವುದಿಲ್ಲ. ನೋಡದೇ ಇದ್ದದ್ದಕ್ಕೆ ಸಹಿ ಹಾಕಿದರೆ, ಅದೂ ಆ ಐದು ಹೆಜ್ಜೆ ನಡೆದ ಹಾಗೆಯೇ. ಅಳತೆಯನ್ನು ಮತ್ತೆ ಮಾಡಬೇಕು. ಗೂಟಗಳು ಅವರು ಹೊಡೆದ ಜಾಗದಲ್ಲೇ ಇವೆ. ಒಂದೊಂದಕ್ಕೆ ಇಬ್ಬರು ಬೇಕು. ಒಬ್ಬರಾದರೂ ಗಿಡ ಗುರುತಿಸಲು ಬಲ್ಲವರಿರಲಿ. ಅಂಥವರು ಈ ಕೋಣೆಯಲ್ಲೇ ಹದಿನೈದು ಜನರಿದ್ದೀರಿ, ಮುಖ ನೋಡುತ್ತಿದ್ದೇನೆ. ಗೆರ್ಲಾಖ್ ಅವರೇ, ನೀವೂ ಬಲ್ಲಿರಿ.

ಹದಿನೇಳನೇ ಗೂಟದಲ್ಲಿ ನಾನಿರುತ್ತೇನೆ. ಹಗ್ಗದ ಇನ್ನೊಂದು ತುದಿ ಹಿಡಿಯುತ್ತೇನೆಂದು ಹಿಲ್ಜಾ ಹೇಳಿದ್ದಾರೆ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ವೋರ್ಶಾ ಅವರಿಗಾಗಿ ಒಂದು ನಿಮಿಷ ಮೌನವಾಗಿರೋಣ. ಅದು ಮುಗಿದ ಮೇಲೆ ನಾನು ಮತ್ತೆ ಮಾತಾಡುವುದಿಲ್ಲ, ಹಾಗಾಗಿ ಈಗಲೇ ಹೇಳುತ್ತೇನೆ — ಗಣಿಯ ಪೂರ್ವದ ಗೇಟು, ಶನಿವಾರ, ಬೆಳಿಗ್ಗೆ ಏಳು ಗಂಟೆ.