ಮರದ ಪೆಟ್ಟಿಗೆಯ ಗಾಂಭೀರ್ಯ

ರಿಪೇರಿ ಅಂಗಡಿಯ ಬೆಂಚಿನ ಮೇಲೆ ಕೆಟ್ಟ ಇಸ್ತ್ರಿಪೆಟ್ಟಿಗೆ ಹಿಡಿದು ಸರದಿ ಕಾಯುತ್ತಿದ್ದ ದರ್ಜಿ ಹೆಂಗಸು, ಪಕ್ಕದ ದಂಪತಿಯ ಮಾತಿಗೆ ಕಿವಿಗೊಟ್ಟಿದ್ದಳು. ಗಂಡನ ತೊಡೆಯ ಮೇಲೆ ಹಳೆಯ ಕಾಲದ ಮರದ ಸ್ಪೀಕರ್ ಕೂಸಿನಂತೆ ಕೂತಿತ್ತು.

"ಬಿಚ್ಚಿಸೋದು ಬೇಡ ಅಂದ್ರೆ. ಹೊಸದು ತಗೊಂಡ್ರಾಯ್ತು, ಅಂಗೈಯಗಲ ಇರತ್ತೆ."

"ಆ ಡಬ್ಬಿಗಳದ್ದು ಸೊಳ್ಳೆ ದನಿ ಕಣೇ. ಇದರ ಗಾಂಭೀರ್ಯ ಎಲ್ಲಿಂದ ಬರಬೇಕು?"

"ಈ ವರ್ಷವೂ ಗಾಂಭೀರ್ಯ ಹಾಗೇ ಇತ್ತಾ?"

"ಇನ್ನೂ ಮಾಗಿತ್ತು. ಈ ರಿಪೇರಿಯವನನ್ನೇ ಮನೆಗೆ ಕರೆದು ಕೇಳಿಸಿ, ಹೊಸದು ಮಾರೋಕೆ ನಾಚ್ಕೋಬೇಕು ನೀನು ಅಂದಿದ್ದೆ. ನಿನ್ನೆಯಿಂದ ಯಾಕೋ ಮೌನ."

"ಚಾರ್ಜ್ ಮುಗಿದಿರಬೇಕು."

"ಮರದ ಪೆಟ್ಟಿಗೆಗೆ ಎಂಥ ಚಾರ್ಜು?"

ಹೆಂಡತಿ ದನಿ ತಗ್ಗಿಸಿದಳು. "ಇದರ ಒಳಗೆ ದನಿ ಹೊರಡಿಸೋ ಕಾಗದಾನ ಇಲಿ ತಿಂದು ವರ್ಷವಾಯ್ತು. ನೀವು ಊಟ ಬಿಟ್ಟು ಕೂರ್ತೀರಿ ಅಂತ ಮಗಳ ಹೊಸ ಸ್ಪೀಕರನ್ನ ಒಳಗಿಟ್ಟೆ. ದಿನಾ ಹಾಡು ಹಾಕ್ತಿದ್ದವಳು ನಾನೇ ತಾನೆ?"

ಅಷ್ಟರಲ್ಲಿ ರಿಪೇರಿಯವನು ಸ್ಕ್ರೂಡ್ರೈವರ್ ಹಿಡಿದು ಎದ್ದ. "ಕೊಡಿ ಯಜಮಾನ್ರೇ, ಹಿಂದಿನ ಹಲಗೆ ಬಿಚ್ಚೋಣ."

"ಬೇಡಪ್ಪ. ಇದಕ್ಕೆ ಸ್ವಲ್ಪ ವಿಶ್ರಾಂತಿ ಸಾಕು."

ಗಂಡ ಹೆಂಡತಿ ಒಂದೊಂದು ಬದಿ ಹಿಡಿದು ಹೊರಟರು. ಬಾಗಿಲ ಬಳಿ ಆಡಿದ್ದೂ ದರ್ಜಿಗೆ ಕೇಳಿಸಿತು.

"ಆದ್ರೂ ಮರದೊಳಗೆ ಇದ್ದು ಆ ಡಬ್ಬಿಯ ದನಿ ಸುಧಾರಿಸಿತ್ತು ನೋಡು."

"ಹೂಂ, ನಿಮ್ಮ ಮನೆಯೊಳಗೆ ಇದ್ದು ನಾನು ಸುಧಾರಿಸಿದ ಹಾಗೆ."