ಹಗ್ಗ ಬೇಡದ ಬಾವುಟ

...ನಗ್ತಿದೀರಾ? ನಗಿ ಅತ್ತೆ, ನಗಿ! ಬಾಯಿ ತುಂಬ ಗುಂಡುಸೂಜಿ ಕಚ್ಕೊಂಡು ನಗ್ಬೇಡಿ, ಒಂದು ಒಳಗೆ ಹೋದೀತು! ನಿಮ್ಮ ಸೊಸೆ ಹುಚ್ಚಿ ಅಂತ್ಲೇ ಇಟ್ಕೊಳ್ಳಿ. ಆದ್ರೆ ಆ ಕ್ರೌಚ್ ಮುದುಕ ಒಳ್ಳೆಯವನಲ್ಲ. ಅಲ್ಲ, ಅಲ್ಲವೇ ಅಲ್ಲ!

ಮೊದ್ಲ ದಿನ ಅಂಗಡಿಗೆ ಬಂದು ಏನು ಕೇಳ್ದ? ‘ಒಂದು ಏನ್ಶೆಂಟ್ ಹೊಲ್ಕೊಡಿ ತಾಯಿ’ ಅಂದ. ಏನ್ಶೆಂಟ್! ನಾನು ಕಣ್ಕಣ್ ಬಿಟ್ಟೆ, ನೀವು ನೋಡಿದ್ರೆ ಸರಕ್ಕಂತ ಕೆಂಪು ಬಟ್ಟೆ ಎಳೆದ್ರಿ! ಹಡಗಿನ ಹಿಂದೆ ಹಾರೋ ಬಾವುಟಕ್ಕೆ ಈ ವಾಪಿಂಗ್ ರೇವಲ್ಲಿ ಈಗ ಯಾರು ಹಾಗಂತಾರೆ? ಎಲ್ಲರೂ ಎನ್‌ಸೈನ್ ಅಂತಾರೆ. ನಾನು ಚರ್ಚಿನ ಗುಮಾಸ್ತರನ್ನೇ ಕೇಳ್ದೆ... ಯಾಕೆ, ಕೇಳ್ಬಾರ್ದಾ? ಎರಡೂ ಒಂದೇ ಮಾತಂತೆ, ಫ್ರಾನ್ಸಿಂದ ಬಂದಿದ್ದಂತೆ. ದಂಡಿನಲ್ಲಿ ಬಾವುಟಕ್ಕೂ ಅದೇ ಹೆಸರು, ಅದನ್ನ ಹೊತ್ತೋನಿಗೂ ಅದೇ ಹೆಸರು! ಸಿಪಾಯಿಗಳ ಬಾಯಲ್ಲಿ ಸವೆದು ಸವೆದು ಏನ್ಶೆಂಟ್ ಆಯ್ತು, ಹಾಗೇ ಹಡಗೂ ಹತ್ತಿತು. ಈಗ ಓದಿದೋರು ಬಂದು ಮತ್ತೆ ಎನ್‌ಸೈನ್ ಮಾಡಿದಾರೆ. ‘ಹಾಗನ್ನೋರು ಈಗ ಗೋರಿಯಲ್ಲಿರ್ಬೇಕು, ಇಲ್ಲ ಯಾವುದೋ ದೂರದ ದ್ವೀಪದಲ್ಲಿರ್ಬೇಕು’ ಅಂದ್ರು ಗುಮಾಸ್ತರು. ದ್ವೀಪ! ದ್ವೀಪದಲ್ಲಿ ಯಾರಿರ್ತಾರೆ ಅತ್ತೆ? ಕಡಲ್ಗಳ್ಳರು!

ತಲೆ ಅಲ್ಲಾಡಿಸ್ಬೇಡಿ. ಬಾವುಟದ ಮೂಲೇಲಿ ನಮ್ಮ ಸಂತ ಜಾರ್ಜನ ಶಿಲುಬೆ ಒಂದೇ ಸಾಕಂತಾನೆ, ಹಳೇ ಕಾಲದ ಥರ. ಸ್ಕಾಟ್ಲೆಂಡಿನ ಶಿಲುಬೆ ಸೇರಿ ಎಷ್ಟು ವರ್ಷ ಆಯ್ತು! ಅದನ್ನ ಹಾರಿಸಿದ್ರೆ ರಾಜನ ಹಡಗಿನೋರು ಬಿಡ್ತಾರಾ? ಅದರ ಮೇಲೆ, ಹಗ್ಗ ಬೇಡ್ವಂತೆ! ಹಗ್ಗ ಇಲ್ದೆ ಏರ್ಸೋದು ಹೇಗೆ? ಕಂಬಕ್ಕೆ ಮೊಳೆ ಹೊಡೀತಾರೆ. ಸತ್ತರೂ ಇಳಿಸಲ್ಲ ಅನ್ನೋರು ಹಾಗೇ ಮಾಡೋದು... ಅವನ ಆ ಕೆಮ್ಮೋ, ಬರೀ ನಾಟಕ!

ನಿಮ್ಮ ಮಗ ಕಡಲ ಮೇಲಿದಾರೆ ಅತ್ತೆ. ತಂಬಾಕು ತುಂಬ್ಕೊಂಡು ವರ್ಜೀನಿಯಾದಿಂದ ಬರ್ತಿದಾರೆ. ದೂರದಿಂದ ಕೆಂಪು ಕಂಡು, ನಮ್ಮೋರೇ ಅಂತ ಹತ್ರ ಹೋದ್ರೆ? ನಿಮ್ಮ ಕೈ ಹೊಲಿಗೆ ನಂಬಿ ನನ್ನ ಸೈಲಸ್ ಸಾಯ್ಬೇಕಾ?

...ಏನು ಮಾಡ್ತಿದೀರಿ? ಬೆಂಚಿನ ಮೇಲೆ ಯಾಕೆ ಮಲಗಿದ್ರಿ? ಬಾವುಟ ಹೊದ್ಕೊಳ್ತೀರಾ... ಎದೆ ಮೇಲೆ ಕೈ ಬೇರೆ! ಏಳಿ, ಕಣ್ಣು ಬಿಡಿ, ನೋಡೋಕಾಗಲ್ಲ ನನಗೆ...

ಓ.

ಶವಪೆಟ್ಟಿಗೆಗಾ? ಅವನ... ಅವನದೇ ಪೆಟ್ಟಿಗೆಗಾ? ತಾನು ಹಡಗಲ್ಲಿ ದುಡಿದ ಕಾಲದ ಬಾವುಟ... ಹಾಗಾದ್ರೆ ಆ ಕೆಮ್ಮು ನಿಜವಾ? ಅಯ್ಯೋ, ಮೊದ್ಲೇ ಹೇಳ್ಬಾರ್ದಿತ್ತಾ! ಒಂದು ಮಾತು ಅತ್ತೆ, ಒಂದೇ ಒಂದು ಮಾತು!

ಸರಿ, ಒಳ್ಳೇದೇ ಆಯ್ತು. ಪಾಪ ಮುದುಕ. ನಾನೇನೋ ಸುಮ್ನೆ ಬಡ್ಕೊಂಡೆ... ಮೂರು ಲೋಟ ಯಾಕೆ ತೆಗೆದ್ರಿ? ಅವನಿಗಾ? ಬೇಡ ಬಿಡಿ, ಅವನು ಇವತ್ತು ಬರಲ್ಲ.

...ಅಂದ್ರೆ, ಬರ್ಲಿಕ್ಕಿಲ್ಲ ಅಂದೆ. ಮಂಜು ಅಲ್ವಾ ಹೊರಗೆ...

ಹೌದು, ಬಿಸಿಲಿದೆ. ಕಾಣ್ತಿದೆ ನನಗೂ.

ಗುಂಡುಸೂಜಿ ತೆಗೆದ್ರಲ್ಲ, ಈಗಲಾದ್ರೂ ಮಾತಾಡಿ. ಬೈಯಿರಿ! ಹಾಗೆ ನೋಡ್ಬೇಡಿ... ಬೆಳಿಗ್ಗೆ ಮೀನು ತರೋಕೆ ಹೋಗಿದ್ದೆ ಅಂದ್ನಲ್ಲ, ದಾರೀಲಿ ಪೇದೆ ಸಿಕ್ಕ, ಮಾತಿಗೆ ಮಾತು ಬಂತು, ಬಾಯಿ ತಪ್ಪಿ...

ಇಲ್ಲ. ಸಿಗ್ಲಿಲ್ಲ. ನಾನೇ ಹೋಗಿ ಪೇದೆ ಮನೆ ಬಾಗಿಲು ತಟ್ಟಿ, ಮುದುಕ ಕಡಲ್ಗಳ್ಳ ಅಂತ ಹೇಳ್ದೆ. ಸೈಲಸ್‌ಗೋಸ್ಕರ ಅತ್ತೆ, ಸೈಲಸ್ ಆಣೆ!

ಮಧ್ಯಾಹ್ನ ಮೀನಿನ ಕಟ್ಟೆ ಮುಂದೇನೇ ಮುದುಕನ್ನ ಕೈ ಕಟ್ಟಿ ಎಳ್ಕೊಂಡು ಹೋದ್ರು. ನಾನು ಪೀಪಾಯಿ ಹಿಂದೆ ನಿಂತಿದ್ದೆ. ಆದ್ರೂ ಕಂಡುಬಿಟ್ಟ. ಕಂಡು... ಅತ್ತೆ, ನನ್ನ ನೋಡಿ ನಕ್ಕ! ನಮ್ಮೋಳು ಒಬ್ಬಳು ಸಿಕ್ಕಳಲ್ಲ ಅನ್ನೋ ಥರ ನಕ್ಕ. ಕೆಮ್ತಾ ಕೆಮ್ತಾನೇ ನಿಮಗೆ ಒಂದು ಮಾತು ಹೇಳು ಅಂದ.

‘ಸ್ವಲ್ಪ ಬೇಗ ಹೊಲಿಯೋಕೆ ಹೇಳಮ್ಮ’ ಅಂದ.