ಪಾರಿವಾಳವೂ ದಾಸವಾಳವೂ

...ಥೂ! ಬಾಲ್ಕನಿ ಬಾಗಿಲು ತೆಗೀಬೇಡ, ನಾತ ಒಳಗೆಲ್ಲ ಬರತ್ತೆ. ಯಾಕೇ ನಗ್ತೀಯ? ಹೌದು, ಕೈ ತೊಳೀತಿದ್ದೀನಿ, ಮೂರನೇ ಸಲ. ಏನೀಗ? ನೀನು ಎರಡು ದಿನ ಊರಲ್ಲಿರಲಿಲ್ಲ, ನಿನ್ನ ಮುದ್ದಿನ ಪಾರಿವಾಳದ ಹಿಕ್ಕೆ ಕೆರೆದು ತೆಗೆದೋಳು ನಾನು.

ನೀನೇ ಹೇಳು. ನನ್ನ ದಾಸವಾಳ ನೋಡು, ಒಂದು ಚೊಂಬು ನೀರು ಹಾಕಿದ್ರೆ ಬೆಳಗ್ಗೆ ನಾಲ್ಕು ಹೂವು. ಗಲಾಟೆ ಇಲ್ಲ, ಗಲೀಜಿಲ್ಲ. ನಿನ್ನ ಹಕ್ಕಿ? ನಾನು ಹೊಲಿಗೆ ಮಿಷನ್ ಮುಂದೆ ಕೂತ್ರೆ ಸಾಕು, ಗುಟುರ್ ಗುಟುರ್ ಅಂತ ತಲೆ ತಿನ್ನತ್ತೆ. ಇವತ್ತು ಬೆಳಗ್ಗೆ ಡಾಕ್ಟರಮ್ಮನ ಬಿಳಿ ಕೋಟು, ಗುಂಡಿ ಹಾಕಿ, ಇಸ್ತ್ರಿ ಮಾಡಿ ನೇತುಹಾಕಿದ್ದೆ... ಸರಿಯಾಗಿ ಭುಜದ ಮೇಲೆ! ಗೂಡೂ ಎಲ್ಲಿ? ನನ್ನ ದಾಸವಾಳದ ಕುಂಡದಲ್ಲೇ! ನಾಲ್ಕು ಕಡ್ಡಿ, ಒಂದು ತಂತಿ ಚೂರು, ನನ್ನದೇ ನೂಲು. ಅದೂ ಒಂದು ಗೂಡಾ? ನೋಡು, ಇನ್ನೂ ಕಂಬಿ ಮೇಲೇ ಕೂತಿದೆ. ಓಡಿಸಿದ್ರೂ ಹೋಗ್ತಿಲ್ಲ, ಮಾನಗೆಟ್ಟಿದ್ದು.

ಹೂಂ, ನೆನಪಿದೆ. 'ಅತ್ತಿಗೆ, ಇನ್ನೆರಡೇ ದಿನಕ್ಕೆ ಮರಿ ಆಗತ್ತೆ, ಮುಟ್ಟಬೇಡಿ' ಅಂದಿದ್ದೆ ನೀನು. ಆಯ್ತಮ್ಮ ಅಂದಿದ್ದೆ ನಾನೂ. ಏನ್ಮಾಡ್ಲಿ... ಬೆಕ್ಕು. ಆ ಕರೀ ಬೆಕ್ಕು. ಎರಡೂ ಮೊಟ್ಟೆ ಕಚ್ಕೊಂಡು ಹೋಯ್ತು. ಕಣ್ಣಾರೆ ಕಂಡೆ.

ಏಯ್, ಅಲ್ಲಿಗ್ಯಾಕೆ ಹೋಗ್ತೀಯ? ಗೊಬ್ಬರ ಹಾಕೋಣ ಅಂತ ಮಣ್ಣು ಕೆದಕಿದ್ದೆ, ಅಷ್ಟೇ. ಬೆರಳು ಹಾಕ್ಬೇಡ, ಗಲೀಜು ಕಣೇ... ಹಾಕ್ಬೇಡ ಅಂದ್ನಲ್ಲ!

ಅದಾ? ಅದು... ಕೋಳಿಮೊಟ್ಟೆ ಸಿಪ್ಪೆ. ಗಿಡಕ್ಕೆ ಒಳ್ಳೇದು ಅಂತ...

ಬೈದ್ಬಿಡು. ಹಾಗೆ ನೋಡ್ಬೇಡ.

ಸರಿ. ಬೆಕ್ಕು ಮೊಟ್ಟೆ ಹೂತಿಡಲ್ಲ, ನಂಗೂ ಗೊತ್ತು. ಕೋಟು ನೋಡಿ ಮೈಯೆಲ್ಲ ಉರೀತು, ಗೂಡಿಗೆ ಕೈ ಹಾಕಿದೆ... ಒಂದು ಆಗಲೇ ಬಿರುಕು ಬಿಟ್ಟಿತ್ತು ಕಣೇ. ಒಳಗೆ ಮಿಸುಕಾಡ್ತಿತ್ತು. ಅಂಗೈಯಲ್ಲಿ ಅಷ್ಟು ಬೆಚ್ಚಗಿರತ್ತೆ ಅಂತ ನಂಗೇನು ಗೊತ್ತು? ಆದ್ರೂ ಮಣ್ಣು ಮುಚ್ಚಿದೆ. ಮುಚ್ಚಿದೆ... ಥೂ, ನನ್ನ ಕೈ ಕಂಡ್ರೆ ನಂಗೇ ಹೇಸಿಗೆ. ಎಷ್ಟು ತೊಳೆದ್ರೂ ಆ ಬಿಸಿ ಹೋಗ್ತಿಲ್ಲ.

ಕೈಗೆ ಒಂದು ಚೊಂಬು ನೀರು ಹಾಕೇ...

ಹಾಕಲ್ವಾ?